ಸ್ವಿಂಡನ್‌ನಲ್ಲೇ ತಯಾರಾದ ಹೋಂಡಾ ಸಿವಿಕ್ 1.0: ಫುಟ್‌ಬಾಲ್ ಹುಚ್ಚಿನವರಿಗೆ ಹೇಳಿ ಮಾಡಿಸಿದ ಕಾರು

10ನೇ ತಲೆಮಾರಿನ ಸಿವಿಕ್ ಹ್ಯಾಚ್‌ಬ್ಯಾಕ್, 1 ಲೀಟರ್ ಟರ್ಬೊ ಪೆಟ್ರೋಲ್, ಮ್ಯಾನುಯಲ್ ಗೇರ್. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು ಕೆಲವು ವರ್ಷ ಆಯಿತು. ನಾವಿರುವುದು ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ. ಈ ಕಾರು ತಯಾರಾದದ್ದೂ ಇಲ್ಲೇ, ಊರಂಚಿನ ಸೌತ್ ಮಾರ್ಸ್ಟನ್‌ನ ಹೋಂಡಾ ಕಾರ್ಖಾನೆಯಲ್ಲಿ. 2021ರ ಜುಲೈನಲ್ಲಿ ಕಾರ್ಖಾನೆ ಮುಚ್ಚಿತು. ಸುಮಾರು 3,000 ಜನರ ಕೆಲಸ ಹೋಯಿತು. ಹಾಗಾಗಿ ಈ ಕಾರಿನ ಮೇಲೆ ನನಗೆ ಪ್ರೀತಿ ಸ್ವಲ್ಪ ಜಾಸ್ತಿ.

ಮುಖ್ಯವಾಗಿ ನಮ್ಮೂರಿನ ಫುಟ್‌ಬಾಲ್ ತಂಡ ಸ್ವಿಂಡನ್ ಟೌನ್‌ನ ಮ್ಯಾಚ್‌ಗಳಿಗೆ ಓಡಾಡಲು ಇದು ಬೇಕಿತ್ತು. 1969ರಲ್ಲಿ ಮೂರನೇ ಡಿವಿಜನ್‌ನಲ್ಲಿದ್ದುಕೊಂಡೇ ವೆಂಬ್ಲಿಯಲ್ಲಿ ಆರ್ಸೆನಲ್‌ಗೆ 3-1ರಿಂದ ಸೋಲುಣಿಸಿ ಲೀಗ್ ಕಪ್ ಗೆದ್ದ ತಂಡ ಇದು. 2021ರಲ್ಲಿ ನಾಲ್ಕನೇ ಹಂತದ ಲೀಗ್ ಟೂಗೆ ಇಳಿಯಿತು. ಈ ಹಂತದಲ್ಲಿ ಮಂಗಳವಾರ ರಾತ್ರಿಯ ಮ್ಯಾಚ್‌ಗಳೂ ಇರುತ್ತವೆ. ಮುಗಿಯುವಾಗ ಒಂಬತ್ತೂವರೆ ದಾಟಿರುತ್ತದೆ. ಸಣ್ಣ ಊರುಗಳಿಂದ ಅಷ್ಟು ಹೊತ್ತಿನಲ್ಲಿ ರೈಲು ನಂಬಿಕೊಂಡರೆ ಮನೆ ಸೇರುವುದು ಕಷ್ಟ. ಕಾರು ಇರಲೇಬೇಕು.

ಹೈವೇಯಲ್ಲಿ ಇದು ಅದ್ಭುತ. ಮ್ಯಾಚಿಗೆ ವೇಲ್ಸ್‌ನ ನ್ಯೂಪೋರ್ಟ್‌ಗೆ ಹೋಗುವುದಾದರೆ ಎಂ4 ಹೆದ್ದಾರಿ ಹಿಡಿದು ಸೆವರ್ನ್ ನದಿಯ ಸೇತುವೆ ದಾಟಿದರೆ ಆಯಿತು. 2018ರ ಕೊನೆಗೆ ಅಲ್ಲಿನ ಟೋಲ್ ತೆಗೆದರು, ಅದೂ ಉಳಿತಾಯವೇ. ಗ್ಯಾಲನ್‌ಗೆ 48 ಮೈಲಿ ಆರಾಮಾಗಿ ಕೊಡುತ್ತದೆ, ನಮ್ಮ ಲೆಕ್ಕದಲ್ಲಿ ಲೀಟರಿಗೆ 17 ಕಿಲೋಮೀಟರ್. ಮೂರು ಸಿಲಿಂಡರ್ ಎಂಜಿನ್ ಅಂತ ಮೂಗು ಮುರಿಯಬೇಡಿ. ಜೋರಾಗಿ ಒತ್ತಿದಾಗ ಮಾತ್ರ ಗುರ್ ಅನ್ನುತ್ತದೆ. ಕಂಬ್ರಿಯಾ ಕರಾವಳಿಯ ಬ್ಯಾರೋಗೆ ಹೋದರೆ ಗ್ಲಾಸ್ಟರ್ ಮೇಲೆ ಎಂ5, ಆಮೇಲೆ ಎಂ6. ಒಂದು ಕಡೆಗೇ ಇನ್ನೂರು ಮೈಲಿಗೂ ಜಾಸ್ತಿ. ಅಷ್ಟು ದೂರ ಕೂತರೂ ಸೊಂಟ ಹಿಡಿಯುವುದಿಲ್ಲ.

ನಿಜವಾದ ಪರೀಕ್ಷೆ ಇರುವುದು ಊರೊಳಗೆ. ತಂಡದ ಕೌಂಟಿ ಗ್ರೌಂಡ್ ಪಕ್ಕದಲ್ಲೇ ಮ್ಯಾಜಿಕ್ ರೌಂಡಬೌಟ್ ಇದೆ. 1972ರಲ್ಲಿ ಕಟ್ಟಿದ್ದು. ಒಂದು ದೊಡ್ಡ ವೃತ್ತ, ಅದರ ಸುತ್ತ ಐದು ಸಣ್ಣ ವೃತ್ತಗಳು. ಸಣ್ಣವುಗಳಲ್ಲಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಬೇಕು, ಒಳಗಿನ ದೊಡ್ಡದರಲ್ಲಿ ಅದಕ್ಕೆ ವಿರುದ್ಧ! ಇಡೀ ಜಾಗವನ್ನು ಒಟ್ಟಿಗೆ ನೋಡಿದರೆ ಕೈಕಾಲು ಆಡುವುದಿಲ್ಲ. ಎದುರಿಗಿರುವ ಒಂದೇ ಸಣ್ಣ ವೃತ್ತ ನೋಡಿ, ಬಲಗಡೆಯಿಂದ ಬರುವವರಿಗೆ ದಾರಿ ಬಿಡಿ, ಮುಂದಿನದಕ್ಕೆ ಹೋಗಿ. ಮ್ಯಾಚ್ ದಿನ ಇಲ್ಲಿ ಮೊದಲನೇ, ಎರಡನೇ ಗೇರ್ ಬಿಟ್ಟರೆ ಬೇರೆ ಬೇಡ. ಕ್ಲಚ್ ಹಗುರ, ಗೇರ್ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬೀಳುತ್ತದೆ. ಸ್ಟೇರಿಂಗ್ ಕೂಡ ಹಗುರ, ಸುಮ್ನೆ ಬೆರಳಲ್ಲಿ ತಿರುಗಿಸಬಹುದು. ಕಾರಿನ ಹಿಂಗಾಜಿನ ಪಕ್ಕದ ಕಂಬಗಳು ಮಾತ್ರ ದಪ್ಪ, ನೋಟಕ್ಕೆ ಅಡ್ಡ. ಕತ್ತು ತಿರುಗಿಸಿ ಎರಡೆರಡು ಸಲ ನೋಡಿಯೇ ಮುಂದೆ ಹೋಗುತ್ತೇನೆ.

ಡಿಕ್ಕಿ 478 ಲೀಟರ್. ಅದರ ಮುಚ್ಚಳ ನನಗೆ ತುಂಬಾ ಇಷ್ಟ. ಗಟ್ಟಿ ಹಲಗೆ ಅಲ್ಲ, ಪಕ್ಕಕ್ಕೆ ಎಳೆಯುವ ಪರದೆ. ಕೌಂಟಿ ಗ್ರೌಂಡ್‌ನ ಸ್ಟ್ರಾಟನ್ ಬ್ಯಾಂಕ್ ಸ್ಟ್ಯಾಂಡಿಗೆ ಚಾವಣಿ ಇಲ್ಲ. ಮಳೆಯಲ್ಲಿ ನೆಂದು ಬಂದಾಗ ಒಂದು ಕೈಯಲ್ಲೇ ಪರದೆ ಸರಿಸಿ ನಾಲ್ಕು ಜನರ ಒದ್ದೆ ಕೋಟುಗಳನ್ನು ಒಳಗೆ ಹಾಕಬಹುದು. ಸಣ್ಣ ವಿಷಯ, ಆದರೆ ದಿನಾ ಬಳಸುವವರಿಗೆ ಇಂಥದ್ದೇ ಅಲ್ವಾ ಮುಖ್ಯ?

ಸೀಟು ತಗ್ಗಿನಲ್ಲಿದೆ. ಮಂಡಿ ನೋವಿನ ಅಪ್ಪ ಊರಿಂದ ಬಂದಾಗ ಹತ್ತಿ ಇಳಿಯಲು ಕೈ ಹಿಡಿಯಬೇಕಾಗುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಎತ್ತರದ ಕಾರೇ ನೋಡಿ.

ಕೊಳ್ಳುವವರಿಗೆ ಎರಡು ಮಾತು. ಈ ಎಂಜಿನ್‌ನ ಟೈಮಿಂಗ್ ಬೆಲ್ಟ್ (ಎಂಜಿನ್ ಕವಾಟಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಪಟ್ಟಿ) ಆಯಿಲ್ ಒಳಗೇ ಓಡುತ್ತದೆ. ಸರಿಯಾದ ಗ್ರೇಡಿನ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಗಿದೆಯಾ ಅಂತ ಸರ್ವೀಸ್ ದಾಖಲೆ ನೋಡದೆ ದುಡ್ಡು ಕೊಡಬೇಡಿ. ಸ್ವಿಂಡನ್‌ನದ್ದೇ ಬೇಕು ಅಂದರೆ 2017ರಿಂದ 2021ರೊಳಗಿನ ಹ್ಯಾಚ್‌ಬ್ಯಾಕ್ ಹುಡುಕಿ. ಅದೇ ಕಾಲದ ಸೆಡಾನ್ ಟರ್ಕಿಯಿಂದ ಬಂದದ್ದು, ಆಮೇಲಿನ 11ನೇ ತಲೆಮಾರು ಜಪಾನಿನದು. ಚಾಸಿ ನಂಬರ್ ಎಸ್‌ಎಚ್‌ಎಚ್ ಅಂತ ಶುರುವಾದರೆ ಅದು ನಮ್ಮ ಊರಿನ ಕಾರು.