ಪ್ರಕಾಶಕರು ತಂದ ಪುಸ್ತಕ, ನಾನೇ ಹಾಕಿಸಿದ ಪುಸ್ತಕ

ನನ್ನ ಎರಡು ಪುಸ್ತಕಗಳು ಎರಡು ದಾರಿಯಲ್ಲಿ ಬಂದವು. 2019ರಲ್ಲಿ ಕಥೆಗಳ ಸಂಕಲನವನ್ನು ಬೆಂಗಳೂರಿನ ಪ್ರಕಾಶಕರೊಬ್ಬರು ತಂದರು. 2023ರಲ್ಲಿ ಅಪ್ಪೆಮಿಡಿ, ಅಂದರೆ ಘಮ ಇರುವ ಎಳೆ ಮಾವಿನಕಾಯಿಯ ಉಪ್ಪಿನಕಾಯಿ ಬಗ್ಗೆ ಬರೆದದ್ದನ್ನು ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಕೂತು ನಾನೇ ಹಾಕಿಸಿದೆ. "ಬರೆದಿಟ್ಟಿದ್ದೇನೆ, ಯಾರಿಗಾದ್ರೂ ಕೊಡಲಾ, ನಾನೇ ಮಾಡಿಸಲಾ?" ಅಂತ ಕೇಳುವವರು ಈಗ ಜಾಸ್ತಿ. ಅವರಿಗೆ ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಸ್ವಂತ ಖರ್ಚಿನಲ್ಲಿ ಪುಸ್ತಕ ಹಾಕಿಸಿದರೆ ಮರ್ಯಾದೆ ಕಡಿಮೆ ಅನ್ನುವ ಹಿಂಜರಿಕೆ ತುಂಬಾ ಜನಕ್ಕಿದೆ. ಅದು ಬೇಡ. ಹಳೆಯ ಕಾಲದ ಕಾದಂಬರಿಕಾರ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಅಚ್ಚು ಹಾಕಿಸಿ, ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮಗನ ಹೆಸರಿನ ಹರ್ಷ ಪ್ರಕಟಣಾಲಯದಿಂದ ತಮ್ಮ ಪುಸ್ತಕಗಳನ್ನು ತಂದರು. ನನ್ನ ಪ್ರಕಾಶನಕ್ಕೆ ನಾನು ಅಮ್ಮನ ಹೆಸರು ಇಟ್ಟೆ.

ಈಗ ದುಡ್ಡಿನ ವಿಷಯ. ಕಥಾ ಸಂಕಲನಕ್ಕೆ ನನ್ನ ಕೈಯಿಂದ ಒಂದು ರೂಪಾಯಿ ಹೋಗಲಿಲ್ಲ. ಮುಖಬೆಲೆ 150, ರಾಯಲ್ಟಿ, ಅಂದರೆ ಮಾರಾಟದಲ್ಲಿ ಲೇಖಕರ ಪಾಲು, ಶೇಕಡಾ 10. 1000 ಪ್ರತಿ ಅಚ್ಚಾಯಿತು. ಎರಡು ವರ್ಷ ಕಳೆದ ಮೇಲೆ 400 ಪ್ರತಿಯ ಲೆಕ್ಕಕ್ಕೆ 6,000 ರೂಪಾಯಿ ಬಂತು. ಆಮೇಲೆ ಲೆಕ್ಕ ಬಂದಿಲ್ಲ, ಎರಡು ಸಲ ಕೇಳಿದರೂ ಉತ್ತರ ಇಲ್ಲ. ಬೇಜಾರಾಗಿದ್ದು ದುಡ್ಡಿಗಲ್ಲ. ಪುಸ್ತಕ ಉಳಿದಿದೆಯಾ, ಮುಗಿದಿದೆಯಾ ಅನ್ನುವುದೇ ನನಗೆ ಗೊತ್ತಿಲ್ಲ.

ಅಪ್ಪೆಮಿಡಿ ಪುಸ್ತಕ ಡೆಮಿ 1/8 ಅಳತೆ, 160 ಪುಟ. ಒಂದು ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ 16 ಪುಟಕ್ಕೆ ಒಂದು ಫಾರಂ ಅನ್ನುತ್ತಾರೆ, ಆ ಲೆಕ್ಕದಲ್ಲಿ ಸರಿಯಾಗಿ 10 ಫಾರಂ. ಇದನ್ನು ಮೊದಲೇ ನೋಡಿಕೊಳ್ಳಿ, 163 ಪುಟ ಆದರೆ ಖಾಲಿ ಹಾಳೆಗೂ ದುಡ್ಡು ಕೊಡಬೇಕಾಗುತ್ತದೆ. 500 ಪ್ರತಿಗೆ ಅಚ್ಚು, ಕಾಗದ, ಬೈಂಡಿಂಗ್ ಸೇರಿ 46,000. ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿ ಕೆಲಸಕ್ಕೆ ಪುಟಕ್ಕೆ 30ರಂತೆ 4,800. ಕರಡು ತಿದ್ದಿದವರಿಗೆ 3,200, ಮುಖಪುಟದ ಕಲಾವಿದರಿಗೆ 5,000. ಒಟ್ಟು 59,000, ಅಂದರೆ ಪ್ರತಿಗೆ 118 ರೂಪಾಯಿ. ಮುಖಬೆಲೆ 200 ಇಟ್ಟೆ. ಅಂಗಡಿಯವರು ಕೇಳಿದ್ದು ಶೇಕಡಾ 40. ನನಗೆ ಬರುವುದು 120. ಒಂದು ಪುಸ್ತಕಕ್ಕೆ ಎರಡು ರೂಪಾಯಿ! ಅಂಗಡಿಯನ್ನೇ ನಂಬಿಕೊಂಡು ಸ್ವಂತ ಪುಸ್ತಕ ಹಾಕಿಸಬೇಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ನನ್ನನ್ನು ಉಳಿಸಿದ್ದು ನೇರ ಮಾರಾಟ. ಪುಸ್ತಕಕ್ಕೆ 180, ಅಂಚೆ ಖರ್ಚು ಬೇರೆ. ಸಾಗರ, ಸಿದ್ದಾಪುರ, ಶಿರಸಿ ಕಡೆಯ ಉಪ್ಪಿನಕಾಯಿ ಹಾಕುವ ಮನೆಗಳು, ಮಿಡಿ ಮಾರುವವರು, ಬೆಂಗಳೂರಿಗೆ ಹೋಗಿ ನೆಲೆಸಿದ ನಮ್ಮೂರಿನ ಮಕ್ಕಳು, ಹೀಗೆ 280 ಪ್ರತಿ ಹೋಯಿತು. ವಾಟ್ಸ್ಆ್ಯಪ್‌ನಲ್ಲಿ ವಿಳಾಸ ಬರುತ್ತಿತ್ತು, ಸಂಜೆ ಕೂತು ಕವರಿಗೆ ಹಾಕುತ್ತಿದ್ದೆ. ಅಂಗಡಿಗಳಿಗೆ 100 ಕೊಟ್ಟೆ, ಅದರಲ್ಲಿ 30ರ ದುಡ್ಡು ಇನ್ನೂ ಬರಬೇಕು. 50 ಪ್ರತಿ ಸುಮ್ನೆ ಕೊಟ್ಟಿದ್ದು. ವರ್ಷದ ಕೊನೆಗೆ ಕೈಗೆ ಬಂದದ್ದು 58,800, ಮನೆಯಲ್ಲಿ ಉಳಿದದ್ದು 70 ಪ್ರತಿ. ಹಾಕಿದ ದುಡ್ಡು ಹೆಚ್ಚುಕಮ್ಮಿ ವಾಪಸ್ ಬಂತು. ನನಗೆ ಅದೇ ದೊಡ್ಡ ಸಮಾಧಾನ.

ಆಗ ಪುಸ್ತಕ ಕಳಿಸಲು ಅಂಚೆಯಲ್ಲಿ ರಿಜಿಸ್ಟರ್ಡ್ ಬುಕ್ ಪೋಸ್ಟ್ ಇತ್ತು, ಕಡಿಮೆ ದುಡ್ಡಿಗೆ ಹೋಗುತ್ತಿತ್ತು. 2024ರ ಡಿಸೆಂಬರ್‌ನಲ್ಲಿ ಅದು ನಿಂತಿತು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಅಂತ ಬಂದಿದೆ, 300 ಗ್ರಾಂವರೆಗೆ 20 ರೂಪಾಯಿ, ತೆರಿಗೆ ಬೇರೆ. ನಿಮ್ಮ ಪುಸ್ತಕ ಅದರಲ್ಲಿ ಹೋಗುತ್ತದಾ ಅಂತ ಅಂಚೆ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಕೆಲಸದ ಹೊರೆಯಲ್ಲಂತೂ ಎರಡಕ್ಕೂ ಹೋಲಿಕೆಯೇ ಇಲ್ಲ. ಪ್ರಕಾಶಕರ ಹತ್ತಿರ ಕರಡು ನನ್ನ ಕೈಗೆ ಬರುವಾಗಲೇ ಒಬ್ಬರು ತಿದ್ದಿರುತ್ತಿದ್ದರು. ಎರಡನೇ ಸಲ ಎಲ್ಲವೂ ನನ್ನದೇ. ನಾನು ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದೆ, ಡಿಟಿಪಿಯವರು ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್‌ಗೆ ಬೇಕು ಅಂತ 'ನುಡಿ' ಅನ್ನುವ ಹಳೇ ಫಾಂಟಿಗೆ ಬದಲಾಯಿಸಿದರು. ಬಂದ ಕರಡಿನಲ್ಲಿ 'ವರ್ಷ' ಹೋಗಿ 'ವಷರ್' ಆಗಿತ್ತು, 'ಕರ್ನಾಟಕ' ಹೋಗಿ 'ಕನಾರ್ಟಕ'. ಎಲ್ಲ ಕಡೆ ಅಲ್ಲ, ಅಲ್ಲೊಂದು ಇಲ್ಲೊಂದು. ಅದೇ ಕಷ್ಟ. ನಾನು ಮತ್ತು ಅಕ್ಕ ಜಗಲಿಯಲ್ಲಿ ಕೂತು, ಅವಳು ಗಟ್ಟಿಯಾಗಿ ಓದುವುದು, ನಾನು ಕೆಂಪು ಪೆನ್ನಿನಲ್ಲಿ ಅರ್ಕಾವತ್ತಿಗೆ ಸುತ್ತು ಹಾಕುವುದು. ಮೂರು ಸಲ ಓದಿದೆವು. "ಉಪ್ಪಿನ ಅಳತೆ ಒಂದು ತಪ್ಪಿದ್ರೂ ಯಾರದ್ದೋ ಮನೆ ಭರಣಿ ಕೆಡ್ತದೆ, ನಿಧಾನಕ್ಕೆ ನೋಡು" ಅಂತ ಅಕ್ಕ ಪದೇ ಪದೇ ಹೇಳುತ್ತಿದ್ದಳು. ಒಂದು ಕಡೆ ಸೇರು ಇರಬೇಕಾದಲ್ಲಿ ಪಾವು ಆಗಿತ್ತು. ಸಿಕ್ಕಿತು, ಸದ್ಯ.

ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್‌ಗೆ ಯಾರಿಗೂ ದುಡ್ಡು ಕೊಡಬೇಡಿ. ಕೇಂದ್ರ ಸರ್ಕಾರದ ರಾಜಾ ರಾಮಮೋಹನ್ ರಾಯ್ ಏಜೆನ್ಸಿಯಿಂದ ಲೇಖಕರಿಗೆ ಉಚಿತವಾಗಿಯೇ ಸಿಗುತ್ತದೆ, ಆನ್‌ಲೈನ್ ಅರ್ಜಿ ಹಾಕಬೇಕು. ಗ್ರಂಥಾಲಯ ಇಲಾಖೆ ತನ್ನ ಗ್ರಂಥಾಲಯಗಳಿಗೆ ಪುಸ್ತಕ ಕೊಳ್ಳುವ ಸಗಟು ಖರೀದಿಯ ಕೊನೆ ದಿನಾಂಕ ಮಾತ್ರ ನನಗೆ ತಪ್ಪಿಹೋಯಿತು. ಪ್ರಕಾಶಕರಿಗೆ ಅದರ ದಾರಿ ಗೊತ್ತಿರುತ್ತದೆ, ಎಷ್ಟೋ ಸಲ ಅವರ ಲೆಕ್ಕಾಚಾರವೇ ಅದರ ಮೇಲೆ ನಿಂತಿರುತ್ತದೆ.

ಬೇಡಿಕೆ ಬಂದಷ್ಟೇ ಅಚ್ಚು ಹಾಕುವ ಸೇವೆಯನ್ನೂ ನೋಡಿದೆ. ಒಂದೇ ಪ್ರತಿ ತರಿಸಿದೆ, ಚೆನ್ನಾಗಿತ್ತು, ಆದರೆ ಪ್ರತಿಯ ಖರ್ಚು ಜಾಸ್ತಿ. ವಿದೇಶದಲ್ಲಿ ಓದುಗರು ಇರುವವರಿಗೆ ಇ-ಪುಸ್ತಕ ಒಳ್ಳೆಯದು. ಕಿಂಡಲ್‌ಗೆ 2016ರಲ್ಲಿ ಐದು ಭಾರತೀಯ ಭಾಷೆ ಬಂದಾಗ ಕನ್ನಡ ಇರಲಿಲ್ಲ. ಮೈಲ್ಯಾಂಗ್, ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡ ಪುಸ್ತಕಗಳಿವೆ.

ಹಾಗಾದ್ರೆ ಯಾವುದು? ನಾನು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಪುಸ್ತಕ ಓದುವವರು ಎಲ್ಲಿದ್ದಾರೆ ಅಂತ ನಿಮಗೆ ಗೊತ್ತಾ? ಅಪ್ಪೆಮಿಡಿ ಪುಸ್ತಕಕ್ಕೆ ನನಗೆ ಗೊತ್ತಿತ್ತು, ಮನೆ ಹೆಸರು ಸಮೇತ. ಕಥೆಗಳಿಗೆ ಗೊತ್ತಿರಲಿಲ್ಲ. ಬಳ್ಳಾರಿಯಿಂದ ಒಬ್ಬರು ಒಂದು ಕಥೆ ಬಗ್ಗೆ ಎರಡು ಪುಟದ ಕಾಗದ ಬರೆದರು. ಅವರಿಗೆ ಪುಸ್ತಕ ಸಿಕ್ಕಿದ್ದು ಧಾರವಾಡದ ಅಂಗಡಿಯೊಂದರಲ್ಲಿ. ನಾನು ಎಷ್ಟು ಓಡಾಡಿದರೂ ಆ ಕಪಾಟಿಗೆ ನನ್ನ ಪುಸ್ತಕ ಮುಟ್ಟುತ್ತಿರಲಿಲ್ಲ. ಆ ಕಾಗದ ಇವತ್ತಿಗೂ ಇಟ್ಟುಕೊಂಡಿದ್ದೇನೆ. ಲೆಕ್ಕ ಕೊಡದಿದ್ದರೂ ಆ ಪ್ರಕಾಶಕರಿಗೆ ನಾನು ಋಣಿ ಅಂತಲೇ ಅನ್ನಿಸುತ್ತದೆ.

ಹೊಸ ಕಥೆಗಳು ಈಗ ಹನ್ನೊಂದಾಗಿವೆ. ಅವನ್ನು ಪ್ರಕಾಶಕರಿಗೇ ಕೊಡುತ್ತೇನೆ. ಈ ಸಲ ಒಪ್ಪಂದದಲ್ಲಿ ಎಷ್ಟು ಪ್ರತಿ, ಎಷ್ಟು ವರ್ಷದ ಹಕ್ಕು, ಯಾವ ತಿಂಗಳು ಲೆಕ್ಕ, ಇ-ಪುಸ್ತಕದ ಹಕ್ಕು ಯಾರದ್ದು ಅನ್ನುವ ನಾಲ್ಕು ಸಾಲು ಬರೆಸಿಕೊಳ್ಳುತ್ತೇನೆ. ಉಪ್ಪಿನಕಾಯಿ ಪುಸ್ತಕದ್ದು ಮನೆಯಲ್ಲಿ ಇನ್ನು 12 ಪ್ರತಿ ಉಳಿದಿದೆ. ಫೆಬ್ರವರಿಯಲ್ಲಿ ಮಿಡಿ ಬರಲು ಶುರುವಾಗುತ್ತದೆ, ಅಷ್ಟರೊಳಗೆ ಇನ್ನೊಂದು 300 ಹಾಕಿಸಬೇಕು. ಅಕ್ಕ ಆಗಲೇ ಹಳೇ ಪ್ರತಿ ಹಿಡಿದು ತಿದ್ದಲು ಕೂತಿದ್ದಾಳೆ.