ದೇಹಪ್ರಕೃತಿಯೋ, ಸೊಂಟದ ಅಳತೆಯೋ?

ಕೊರಿಯಾದಲ್ಲಿ ತೂಕ ಏರುತ್ತಿರುವವರ ಮುಂದೆ ಎರಡು ದಾರಿಗಳಿವೆ: ಕೊರಿಯಾದ ಸಾಂಪ್ರದಾಯಿಕ ವೈದ್ಯರ ಬಳಿ ಸಾಸಾಂಗ್ ಪದ್ಧತಿಯಂತೆ ದೇಹಪ್ರಕೃತಿಯನ್ನು ತಿಳಿಯುವುದು, ಇಲ್ಲವೇ ರಾಷ್ಟ್ರೀಯ ಆರೋಗ್ಯ ವಿಮೆಯ ತಪಾಸಣೆಗೆ ಹೋಗುವುದು.

ಕೊರಿಯಾದ ವೈದ್ಯ ಲೀ ಜೆಮಾ (1837–1900) ರೂಪಿಸಿದ ಸಾಸಾಂಗ್ ಪದ್ಧತಿಯು ಜನರನ್ನು ತೆಯಾಂಗ್, ಸೊಯಾಂಗ್, ತೆಊಮ್, ಸೊಊಮ್ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಇಲ್ಲಿ ವೈದ್ಯರು ಕೇಳುವ ಪ್ರಶ್ನೆಗಳೇ ಸ್ವಾರಸ್ಯಕರ. ಬೆವರಿದ ಮೇಲೆ ಮೈ ಹಗುರವೆನಿಸಿದರೆ ತೆಊಮ್ ಕಡೆಗೆ, ಸುಸ್ತಾದರೆ ಸೊಊಮ್ ಕಡೆಗೆ ಅವರ ಊಹೆ ವಾಲುತ್ತದೆ. ಶುಂಠಿ, ಜಿನ್‌ಸೆಂಗ್‌ಗಳಂಥ ಉಷ್ಣ ಪದಾರ್ಥಗಳು ಜೀರ್ಣಶಕ್ತಿ ಕಡಿಮೆಯಿರುವ ಸೊಊಮ್‌ನವರಿಗೆ ಹಿತವೆಂಬ ನಂಬಿಕೆಯಿದೆ. ನಮ್ಮ ವಾತ-ಪಿತ್ತ-ಕಫಗಳು ನೆನಪಾದರೂ ಎರಡೂ ಒಂದೇ ಅಲ್ಲ.

ತಪಾಸಣೆಯ ಭಾಷೆ ನೇರವಾದದ್ದು. ಸೊಂಟದ ಸುತ್ತಳತೆ ಪುರುಷರಲ್ಲಿ 90, ಮಹಿಳೆಯರಲ್ಲಿ 85 ಸೆಂಟಿಮೀಟರ್ ಮುಟ್ಟಿದರೆ ಅದು ಅಲ್ಲಿ ಅಪಾಯದ ಗುರುತು. ಇದರೊಡನೆ ರಕ್ತದೊತ್ತಡ, ಉಪವಾಸದ ಸಕ್ಕರೆ, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು), ‘ಒಳ್ಳೆಯ’ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಸೇರಿ ಐದರಲ್ಲಿ ಮೂರು ಕೆಟ್ಟಿದ್ದರೆ ಮೆಟಬಾಲಿಕ್ ಸಿಂಡ್ರೋಮ್, ಅಂದರೆ ಹೃದ್ರೋಗ, ಮಧುಮೇಹಗಳ ಅಪಾಯ ಹೆಚ್ಚಿಸುವ ಸ್ಥಿತಿ, ಎನ್ನುತ್ತಾರೆ.

ತೆಊಮ್‌ನವರಲ್ಲಿ ಬೊಜ್ಜು, ಮಧುಮೇಹ ಹೆಚ್ಚೆಂದು ಕೊರಿಯಾದ ಅಧ್ಯಯನಗಳು ಹೇಳುತ್ತವೆ. ಆದರೆ ದಪ್ಪ ಮೈಕಟ್ಟೇ ಆ ವರ್ಗದ ಒಂದು ಲಕ್ಷಣವಾಗಿರುವಾಗ ಈ ನಂಟು ತುಸು ಸುತ್ತಿಬಳಸಿ ಬಂದದ್ದೆನ್ನಿಸುತ್ತದೆ. ತಡರಾತ್ರಿಯ ಊಟ, ಸೊಜು ಎಂಬ ಮದ್ಯ, ಸಿಗರೇಟು, ಕೂತೇ ಮಾಡುವ ಕೆಲಸಗಳು ಯಾವ ಪ್ರಕೃತಿಯವರನ್ನೂ ಬಿಡುವುದಿಲ್ಲ. ಒಂದನ್ನೇ ಆಯ್ದುಕೊಳ್ಳಬೇಕಾದರೆ ನಾನು ತಪಾಸಣೆಯನ್ನೇ ಆರಿಸುವೆನು. ಪ್ರಕೃತಿಯ ಸಲಹೆಯನ್ನು ಊಟದ ರೂಢಿ ತಿದ್ದಿಕೊಳ್ಳಲು ಬಳಸಬಹುದು, ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಲು ಅಲ್ಲ.