ಎರಡು ಸಾವಿರದ ಸೆಟ್ಟು, ಒಂದೂವರೆ ವರ್ಷದ ಲೈಸೆನ್ಸು

2020ರ ಅಕ್ಟೋಬರ್‌ನಲ್ಲಿ ಭೀಮಾ ತುಂಬಿದಾಗ ನನ್ನ ತಮ್ಮ ಜೇವರ್ಗಿ ಕಡೆಯ ಹೊಲದಲ್ಲಿದ್ದ. ಎರಡು ದಿನ ಅವನ ಮೊಬೈಲ್ ಹತ್ತಲಿಲ್ಲ. ನಾನು ಕಲಬುರಗಿಯ ಅಂಗಡಿಯಲ್ಲಿ ಕೂತು ಒದ್ದಾಡಿದ್ದೇ ಬಂತು. ಮುಂದೆ ಆನ್‌ಲೈನ್‌ನಲ್ಲಿ ಚೀನಾ ಮಾಲಿನ ವಾಕಿಟಾಕಿ ಕಣ್ಣಿಗೆ ಬಿದ್ದಾಗ ಹಿಂದೆ ಮುಂದೆ ನೋಡದೆ ತರಿಸಿದೆ. ಒಂದಕ್ಕೆ ಸುಮಾರು 2,000 ರೂಪಾಯಿ. ಮಾರಿದವನ ಪುಟದಲ್ಲಿ ಎರಡು ಮಾತು ಇದ್ದವು: 20 ಕಿ.ಮೀ. ಮುಟ್ಟುತ್ತೆ, ಲೈಸೆನ್ಸ್ ಬೇಡ. ಎರಡೂ ಸುಳ್ಳು.

ಅದನ್ನು ಹೇಳಿದವರು ರೇಡಿಯೋ ರಿಪೇರಿಯ ಹಳೇ ಗೆಳೆಯರು. "ಕಾಕಾ, ಇದನ್ನ ಹಚ್ಚಬ್ಯಾಡ್ರಿ. ಯಾರರ ಕೇಳಿಸ್ಕೊಂಡ್ರ ನೀವೇ ಗಡಿ ದಾಟಿ ಬಂದೋರು ಅಂತಾರ." ನಕ್ಕೆ. ಆಮೇಲೆ ಓದಿ ನೋಡಿದರೆ, 1933ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಸೆಟ್ಟು ಮನೆಯಲ್ಲಿ ಇಟ್ಟುಕೊಂಡರೂ ತಪ್ಪೇ! ನಗು ನಿಂತಿತು.

ಸರ್ಕಾರಕ್ಕೆ ಹೆದರಿಕೆ ಎಲ್ಲಿಂದ ಬರುತ್ತೆ ಅನ್ನೋದು ಈ ಸೆಟ್ಟು ಕೈಯಲ್ಲಿ ಹಿಡಿದರೇ ಗೊತ್ತಾಗುತ್ತೆ. ಇಂಥ ವಾಕಿಟಾಕಿಯಲ್ಲಿ ಲೈಸೆನ್ಸ್ ಇಲ್ಲದೆ ಮಾತಾಡಲು ನಮ್ಮಲ್ಲಿ ಬಿಟ್ಟಿರುವ ತರಂಗಾಂತರ 446.0ರಿಂದ 446.2 ಮೆಗಾಹರ್ಟ್ಸ್, ಅದೂ ಕಡಿಮೆ ಪವರ್‌ನಲ್ಲಿ. ಹ್ಯಾಮ್‌ಗಳಿಗೆ, ಅಂದರೆ ಪರೀಕ್ಷೆ ಬರೆದು ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವರಿಗೆ, 144ರಿಂದ 146 ಇದೆ. ಇದೋ 136ರಿಂದ 174ರ ತನಕ ಎಲ್ಲಿ ಬೇಕಾದರೂ ಮಾತಾಡುತ್ತೆ. ಬೀಗವೇ ಇಲ್ಲ. ಪೊಲೀಸರ ಮಾತಿನ ಮಧ್ಯೆ ಯಾರೋ ಹುಡುಗ ಗುಂಡಿ ಒತ್ತಿದರೆ? ಮೊಬೈಲ್ ಆದರೆ ಸಿಮ್ ನೋಡಿ ಹಿಡಿಯಬಹುದು. ಇದಕ್ಕೆ ಸಿಮ್ಮೂ ಇಲ್ಲ, ಹೆಸರೂ ಇಲ್ಲ.

ಆದರೆ ಹ್ಯಾಮ್ ಮೇಲೆ ಅದೇ ಅನುಮಾನ ಯಾಕೆ ಅಂತ ನನಗೆ ಇನ್ನೂ ಬಗೆಹರಿದಿಲ್ಲ. ಹ್ಯಾಮ್ ಆದವನು ಗುಟ್ಟಿನ ಭಾಷೆ ಬಳಸುವ ಹಾಗಿಲ್ಲ, ಸರ್ಕಾರ ಕೊಟ್ಟ ಗುರುತು, ಅಂದರೆ ಕಾಲ್‌ಸೈನ್ ಹೇಳಲೇಬೇಕು. ಗೂಢಚಾರನಿಗೆ ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ, ಅಲ್ವಾ? 2004ರ ಸುನಾಮಿ ಹೊತ್ತಿಗೆ ಅಂಡಮಾನ್‌ನಲ್ಲಿ ಅಪರೂಪಕ್ಕೆ ಅನುಮತಿ ಪಡೆದು ಹೋಗಿದ್ದ ಹ್ಯಾಮ್‌ಗಳೇ ಸುದ್ದಿ ಮುಟ್ಟಿಸಿದರು. ಮರುವರ್ಷ ಇಸ್ರೋ ಹ್ಯಾಮ್‌ಗಳಿಗಾಗಿಯೇ ಹ್ಯಾಮ್‌ಸ್ಯಾಟ್ ಅನ್ನೋ ಉಪಗ್ರಹ ಹಾರಿಸಿತು. ಒಂದು ಕೈಯಲ್ಲಿ ಉಪಗ್ರಹ, ಇನ್ನೊಂದು ಕೈಯಲ್ಲಿ ಲೈಸೆನ್ಸಿಗೆ ಮುಂಚೆ ಪೊಲೀಸ್ ವಿಚಾರಣೆ.

ನಾನೂ ಹ್ಯಾಮ್ ಪರೀಕ್ಷೆ ಕಟ್ಟಿದೆ. ಐವತ್ತು ದಾಟಿದ ಮೇಲೆ ಕರೆಂಟಿನ ಓಮ್‌ನ ನಿಯಮ ಬಾಯಿಪಾಠ ಮಾಡೋದು ನೋಡಿ ಮಗಳಿಗೆ ಖುಷಿಯೋ ಖುಷಿ. ಕೆಳಗಿನ ದರ್ಜೆಗೆ ಮೋರ್ಸ್, ಅಂದರೆ ಹಳೇ ತಂತಿಯ ಟಕ್-ಟಕ್ ಲಿಪಿ, ಬೇಡ. ಹನ್ನೆರಡು ವರ್ಷ ತುಂಬಿದ ಮಕ್ಕಳೂ ಬರೆಯಬಹುದು. ದುಡ್ಡೂ ಜಾಸ್ತಿ ಇಲ್ಲ. ಕಾಯೋದೇ ಜಾಸ್ತಿ. ವಿಚಾರಣೆಗೆ ಬಂದ ಪೇದೆ ಚಹಾ ಕುಡಿದು, "ಇದರಾಗ ಪಾಕಿಸ್ತಾನ ಸಿಗ್ತದೇನ್ರಿ?" ಅಂತ ಕೇಳಿದರು. ದೊಡ್ಡ ಸೆಟ್ಟಿದ್ದರೆ ಸಿಗಬಹುದು, ಇದರಲ್ಲಿ ಶಹಾಬಾದೂ ಸಿಗಲ್ಲ ಅಂದೆ. ಒಂದೂವರೆ ವರ್ಷಕ್ಕೆ ವಿಯು3 ಅಂತ ಶುರುವಾಗುವ ಕಾಲ್‌ಸೈನ್ ಕೈಗೆ ಬಂತು. ಅಷ್ಟರಲ್ಲಿ ಇಂಥದೇ ಎಷ್ಟು ಸೆಟ್ಟು ಕೊರಿಯರ್‌ನಲ್ಲಿ ಯಾರ್ಯಾರ ಮನೆಗೆ ಹೋದವೋ!

ಇನ್ನು ಸೆಟ್ಟಿನ ಮಾತು. ಬ್ಯಾಟರಿ ಚೆನ್ನಾಗಿದೆ, ಬರೀ ಕೇಳಿದರೆ ಇಡೀ ದಿನ ಬರುತ್ತೆ. ಜೊತೆಗೆ ಬಂದ ಮೊಂಡು ಆಂಟೆನಾ ಕೆಲಸಕ್ಕೆ ಬಾರದ್ದು. ಊರೊಳಗೆ ಒಂದು ಕಿಲೋಮೀಟರ್, ಮಾಳಿಗೆ ಮೇಲೆ ನಿಂತರೆ ನಾಲ್ಕೈದು. ಉದ್ದನೆಯದು ಹಾಕಿದ ಮೇಲೆ ಒಂದು ರಾತ್ರಿ 145.800ರಲ್ಲಿ ಅಂತರಿಕ್ಷ ನಿಲ್ದಾಣದ ದನಿ ಕೇಳಿಸಿತು. ಮಾಳಿಗೆ ಮೇಲೆ ಒಬ್ಬನೇ ಕೂಗಿಬಿಟ್ಟೆ. ಬೀದರಿನಲ್ಲಿರುವ ವಾಯುಪಡೆಯ ಸೂರ್ಯಕಿರಣ ವಿಮಾನಗಳ ಮಾತು ಸಿಗುತ್ತಾ ಅಂತ ಕೇಳಬೇಡಿ. ನನ್ನ ಸೆಟ್ಟಿನಲ್ಲಿ ಬರಲ್ಲ, ಬಂದರೂ ನಾನು ಕಿವಿಗೊಡಲ್ಲ.

ಹೊಲಕ್ಕಂತೂ ಇದು ಉಪಯೋಗವಿಲ್ಲ. ಜೇವರ್ಗಿ ಮುಟ್ಟೋದಿಲ್ಲ. ತಮ್ಮನಿಗೆ ಲೈಸೆನ್ಸ್ ಇಲ್ಲ. ತೊಗರಿ ರೇಟು ಹ್ಯಾಮ್‌ನಲ್ಲಿ ಮಾತಾಡುವ ಹಾಗೂ ಇಲ್ಲ, ವ್ಯಾಪಾರಕ್ಕೆ ಅದು ನಿಷಿದ್ಧ.

ಸೆಟ್ಟಿಗೆ ಮೂರು ಸ್ಟಾರ್. ಮಾರಿದವನಿಗೆ ಒಂದೂ ಇಲ್ಲ. 2025ರ ಮೇನಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ ಮಾರಾಟದ ಮೇಲೆ ಕಣ್ಣು ಹಾಕಿತು. ಯಾವ ತರಂಗಾಂತರ, ಲೈಸೆನ್ಸ್ ಬೇಕೋ ಬೇಡವೋ ಅಂತ ಪುಟದಲ್ಲೇ ಬರೆಯಬೇಕು ಅಂದಿತು. ಅದು ಓದಿ ಮಾರಿದವನಿಗೆ ಮೆಸೇಜ್ ಹಾಕಿದೆ: ಈ ಮಾಡೆಲ್‌ಗೆ ಸರ್ಕಾರದ ಮಂಜೂರಾತಿ ಪತ್ರ ಇದೆಯಾ? ಹತ್ತು ನಿಮಿಷದಲ್ಲಿ ಉತ್ತರ ಬಂತು: "ಸರ್, ಬೇಕಾದ್ರೆ ಇನ್ನೊಂದು ಬ್ಯಾಟರಿ ಫ್ರೀ ಕೊಡ್ತೀವಿ."